ಧ್ರುವಪ್ರಭೆ ನೋಡಲು ಯಾವ ಊರು, ಯಾವ ತಿಂಗಳು? ಮೊದಲು ಮೋಡದ ಲೆಕ್ಕ

ಧ್ರುವಪ್ರಭೆ, ಅಂದರೆ ಉತ್ತರ ಧ್ರುವದ ಕಡೆಯ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು ನಾರ್ದರ್ನ್ ಲೈಟ್ಸ್, ನೋಡಿಬರೋಣ ಅಂತ ಮನಸ್ಸು ಮಾಡಿದವರು ಹೆಚ್ಚಾಗಿ ತಡವರಿಸುವುದು ಒಂದೇ ಕಡೆ. ನಾರ್ವೆಯ ಟ್ರೊಮ್ಸೊಗೆ ಹೋಗುವುದೋ, ಫಿನ್‌ಲ್ಯಾಂಡಿನ ಗಾಜಿನ ಇಗ್ಲೂವಿನಲ್ಲಿ ಮಲಗುವುದೋ, ಐಸ್‌ಲ್ಯಾಂಡ್ ಸುತ್ತುವುದೋ, ಅಗ್ಗಕ್ಕೆ ಸಿಗುತ್ತದೆ ಅಂತ ರಷ್ಯಾದ ಮುರ್ಮಾನ್ಸ್ಕ್ ಹಿಡಿಯುವುದೋ? ಪ್ಯಾಕೇಜ್ ಮಾರುವವರ ಜಾಹೀರಾತು ನೋಡಿದರೆ ಯಾವ ಊರಾದರೂ ಒಂದೇ ಥರದ ಹಸಿರು ಆಕಾಶ. ಆ ಫೋಟೊಗಳಲ್ಲಿ ಕಾಣದೇ ಇರುವುದು ಮೋಡ. ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿ ಬರಿಗೈಯಲ್ಲಿ ಬಂದವರನ್ನು ಕೇಳಿ ನೋಡಿ, ಹೆಚ್ಚಿನವರು ದೂರುವುದು ಸೂರ್ಯನನ್ನಲ್ಲ, ಮೋಡವನ್ನು. ಆದ್ದರಿಂದ ಊರಿನ ಹೆಸರನ್ನು ಸದ್ಯ ಪಕ್ಕಕ್ಕಿಟ್ಟು, ಯಾವುದರಿಂದ ಅಳೆಯಬೇಕು ಅನ್ನುವುದನ್ನು ಮೊದಲು ನೋಡೋಣ.

ಅಳತೆಗೋಲು

ಮೊದಲನೆಯದು, ಪ್ರಭೆ ಮೂಡುವ ಪಟ್ಟಿಯ ಕೆಳಗೆ ಇದ್ದೀರಾ ಅನ್ನುವುದು. ಸೂರ್ಯನಿಂದ ಬರುವ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವದ ಸುತ್ತ ಒಂದು ಬಳೆಯಂಥ ಪಟ್ಟಿಗೆ ಇಳಿಸುತ್ತದೆ. ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ ಅವು ಆಮ್ಲಜನಕಕ್ಕೆ ತಾಗಿದಾಗ ಹಸಿರು, 200 ಕಿ.ಮೀ.ಗಿಂತ ಮೇಲೆ ತಾಗಿದಾಗ ಕೆಂಪು. ಈ ಬಳೆ ಭೂಗೋಳದ ಧ್ರುವಕ್ಕೆ ಅಲ್ಲ, ಕಾಂತಧ್ರುವಕ್ಕೆ ಸುತ್ತಿಕೊಂಡಿದೆ. ಕಾಂತಧ್ರುವ ಉತ್ತರ ಅಮೆರಿಕದ ಕಡೆಗೆ ವಾಲಿರುವುದರಿಂದ ಕೆನಡಾದ ಯೆಲ್ಲೋನೈಫ್ ಬರೀ 62.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೂ ಪಟ್ಟಿಯ ಕೆಳಗೇ ಇದೆ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಕಡೆಯಾದರೆ 67ರಿಂದ 70 ಡಿಗ್ರಿಯವರೆಗೆ ಹತ್ತಬೇಕು. ಉತ್ತರಕ್ಕೆ ಹೋದಷ್ಟೂ ಒಳ್ಳೆಯದು ಅನ್ನುವುದೂ ತಪ್ಪು ಲೆಕ್ಕವೇ. 78 ಡಿಗ್ರಿಯ ಸ್ವಾಲ್ಬಾರ್ಡ್ ರಾತ್ರಿ ಹೊತ್ತಿಗೆ ಪಟ್ಟಿಯನ್ನೇ ದಾಟಿ ಆಚೆ ಹೋಗಿಬಿಟ್ಟಿರುತ್ತದೆ.

ಎರಡನೆಯದು ತಿಳಿಯಾದ ಆಕಾಶ. ಇದೇ ಎಲ್ಲಕ್ಕಿಂತ ದೊಡ್ಡದು. ಪಟ್ಟಿಯ ಕೆಳಗಿನ ಊರಿನಲ್ಲಿ ಸಣ್ಣದೋ ದೊಡ್ಡದೋ ಬೆಳಕು ಬಹುತೇಕ ದಿನ ಇದ್ದೇ ಇರುತ್ತದೆ. ಫಿನ್‌ಲ್ಯಾಂಡಿನ ವಾಯವ್ಯ ತುದಿಯ ಕಿಲ್ಪಿಸ್‌ಯಾರ್ವಿಯಲ್ಲಿ ಕತ್ತಲೆಯೂ ತಿಳಿ ಆಕಾಶವೂ ಕೂಡಿಬಂದ ನಾಲ್ಕು ರಾತ್ರಿಗಳಲ್ಲಿ ಮೂರರಲ್ಲಿ ಕಾಣುತ್ತದೆ ಅನ್ನುವುದು ಅಲ್ಲಿನ ಲೆಕ್ಕ. ಪ್ರಭೆ ನೂರು ಕಿ.ಮೀ. ಮೇಲೆ, ಮೋಡ ಹತ್ತು ಕಿ.ಮೀ. ಒಳಗೆ. ಮೋಡ ಮುಚ್ಚಿದರೆ ಎಂಥ ಸೌರ ಬಿರುಗಾಳಿ ಬಂದರೂ ನಿಮ್ಮ ಪಾಲಿಗೆ ಬೂದು ಬಣ್ಣದ ಚಾವಣಿಯಷ್ಟೇ.

ಮೂರನೆಯದು ರಾತ್ರಿಗಳ ಸಂಖ್ಯೆ. ಒಂದು ರಾತ್ರಿ ಕಾಣುವ ಸಾಧ್ಯತೆ ನೂರಕ್ಕೆ 30 ಅಂತ ಇಟ್ಟುಕೊಳ್ಳಿ. ಮೂರು ರಾತ್ರಿ ಇದ್ದರೆ ಒಮ್ಮೆಯಾದರೂ ಕಾಣುವ ಸಾಧ್ಯತೆ 66ಕ್ಕೆ, ಐದು ರಾತ್ರಿಗೆ 83ಕ್ಕೆ ಏರುತ್ತದೆ. ಒಂದು ರಾತ್ರಿಯ ಸಾಧ್ಯತೆಯೇ 50 ಇರುವ ಊರಾದರೆ ಮೂರೇ ರಾತ್ರಿಗೆ 87 ದಾಟುತ್ತದೆ. ನಿಜದಲ್ಲಿ ಫಲ ಇದಕ್ಕಿಂತ ಕೊಂಚ ಕಡಿಮೆ, ಏಕೆಂದರೆ ಮೋಡ ಬಂದರೆ ಎರಡು ಮೂರು ದಿನ ಕದಲದೆ ಕೂರುತ್ತದೆ. ಆದರೂ ಈ ಲೆಕ್ಕದಿಂದ ಎರಡು ಮಾತು ಸ್ಪಷ್ಟ: ಊರು ಸರಿಯಾಗಿದ್ದರೆ ರಾತ್ರಿ ಕಡಿಮೆ ಸಾಕು. ಊರು ಸಾಧಾರಣವಾಗಿದ್ದರೆ ರಾತ್ರಿ ಹೆಚ್ಚಿಸಿಕೊಳ್ಳಿ. ಎರಡೂ ಇಲ್ಲದ 'ಎರಡು ರಾತ್ರಿ ಮೂರು ಹಗಲು' ಪ್ಯಾಕೇಜ್ ಲಾಟರಿ ಟಿಕೆಟ್ ಇದ್ದಂತೆ.

ನಾಲ್ಕನೆಯದು, ಮೋಡ ಬಂದ ರಾತ್ರಿ ಅಲ್ಲಿಂದ ಓಡಿಹೋಗಲು ದಾರಿ ಇದೆಯೇ ಅನ್ನುವುದು. ಆಮೇಲೆ ದುಡ್ಡು, ವೀಸಾ, ಚಳಿ, ಜೊತೆಗೆ ಬರುವವರ ವಯಸ್ಸು.

ಯಾವ ತಿಂಗಳು

ಮೇ, ಜೂನ್, ಜುಲೈ ಬೇಡವೇ ಬೇಡ. ಟ್ರೊಮ್ಸೊದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ, ಅದರ ಹಿಂದೆ ಮುಂದೆಯೂ ರಾತ್ರಿ ಕಪ್ಪಾಗುವುದಿಲ್ಲ. ನಮ್ಮ ಶಾಲೆಗಳ ಬೇಸಿಗೆ ರಜೆ ಈ ಪ್ರವಾಸಕ್ಕೆ ದಂಡ. ಏಪ್ರಿಲ್ ಮೊದಲ ವಾರ ಸಿಕ್ಕಿದರೆ ಸಿಕ್ಕಿತು, ಅಷ್ಟೇ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಿಜವಾಗಿ ಒದಗುವುದು ದಸರಾ ರಜೆ. ಹಗಲು ರಾತ್ರಿ ಸಮವಾಗುವ ವಿಷುವದ ಆಸುಪಾಸು, ಅಂದರೆ ಸೆಪ್ಟೆಂಬರ್ ಮತ್ತು ಮಾರ್ಚ್ ಹೊತ್ತಿಗೆ, ಭೂಮಿಯ ಕಾಂತಕ್ಷೇತ್ರ ಸೂರ್ಯನ ಕಡೆಯಿಂದ ಬರುವ ಕಾಂತಕ್ಷೇತ್ರಕ್ಕೆ ಚೆನ್ನಾಗಿ ಹೆಣೆದುಕೊಳ್ಳುವಂಥ ಓರೆಯಲ್ಲಿ ಇರುತ್ತದೆ. ರಸೆಲ್ ಮತ್ತು ಮ್ಯಾಕ್‌ಫೆರಾನ್ ಇದನ್ನು 1973ರಲ್ಲೇ ವಿವರಿಸಿದ್ದಾರೆ. ಹೀಗಾಗಿ ಆ ಎರಡು ತಿಂಗಳಲ್ಲಿ ಪ್ರಭೆಯ ಆರ್ಭಟ ಸರಾಸರಿಗಿಂತ ಹೆಚ್ಚು. ಸೆಪ್ಟೆಂಬರಿನಲ್ಲಿ ಕೆರೆಗಳು ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ನೀರಿನಲ್ಲಿ ಹಸಿರು ಪ್ರತಿಬಿಂಬ ಬೀಳುತ್ತದೆ, ಚಳಿ ಕೂಡ ನಮ್ಮ ಮೈಗೆ ತಡೆಯುವಷ್ಟು. ಆದರೆ ಹಿಮ ಇಲ್ಲ. ನಾಯಿಗಾಡಿ, ಹಿಮಸಾರಂಗದ ಗಾಡಿ, ಹಿಮದಲ್ಲಿ ಮಕ್ಕಳ ಆಟ ಯಾವುದೂ ಇಲ್ಲ. ಜೊತೆಗೆ ಅಕ್ಟೋಬರ್ ಟ್ರೊಮ್ಸೊದ ಅತಿ ಹೆಚ್ಚು ಮಳೆಯ ತಿಂಗಳು. ಹಾಗಾಗಿ ದಸರಾ ರಜೆಯಾದರೆ ಕರಾವಳಿ ಬಿಟ್ಟು ಒಳನಾಡು ಹಿಡಿಯಿರಿ.

ಡಿಸೆಂಬರ್ ಬಗ್ಗೆ ಜನಕ್ಕೆ ಅನಗತ್ಯ ಮೋಹ. ರಾತ್ರಿ ಅತಿ ಉದ್ದ ಅನ್ನುವುದು ನಿಜ. ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯನೇ ಮೇಲೇಳುವುದಿಲ್ಲ. ಆದರೆ ಕರಾವಳಿಯಲ್ಲೂ ಫಿನ್‌ಲ್ಯಾಂಡಿನಲ್ಲೂ ನವೆಂಬರ್–ಡಿಸೆಂಬರ್ ಮೋಡದ ಕಾಲ. ಕ್ರಿಸ್‌ಮಸ್ ವಾರ ಕೋಣೆಯ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಗಲೇ ಇಲ್ಲದ ಊರಿನಲ್ಲಿ ಹಗಲು ಹೊತ್ತು ಮಾಡುವುದೇನು ಅನ್ನುವುದೂ ಪ್ರಶ್ನೆಯೇ.

ರಜೆಯ ಕಟ್ಟಿಲ್ಲದವರು ಫೆಬ್ರವರಿ 10ರಿಂದ ಮಾರ್ಚ್ 25ರ ನಡುವೆ ಹೋಗಿ. ಒಳನಾಡಿನ ಆಕಾಶ ಆಗ ಹೆಚ್ಚು ತಿಳಿ, ನೆಲದ ಮೇಲೆ ಹಿಮ ಗಟ್ಟಿ, ಹಗಲು ಸುಮಾರು ಏಳರಿಂದ ಹದಿಮೂರು ಗಂಟೆ, ವಿಷುವದ ಲಾಭವೂ ಕೈಗೆ. ಮಾರ್ಚ್ ಕೊನೆಯ ಭಾನುವಾರ ಯುರೋಪಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಆಕಾಶ ಕಪ್ಪಾಗುವಷ್ಟರಲ್ಲಿ ರಾತ್ರಿ ಒಂಬತ್ತು ದಾಟಿರುತ್ತದೆ.

ಹುಣ್ಣಿಮೆಗೆ ಹೆದರಬೇಕಿಲ್ಲ. ಮಂಕಾದ ಪ್ರಭೆ ಬೆಳುದಿಂಗಳಲ್ಲಿ ಕರಗುತ್ತದೆ, ನಿಜ. ಆದರೆ ಹಿಮದ ಬೆಟ್ಟಗಳೆಲ್ಲ ಬೆಳಗಿ ಫೋಟೊಗೆ ಹಿನ್ನೆಲೆ ಸಿಗುತ್ತದೆ. ಆಯ್ಕೆ ಇದ್ದರೆ ಅಮಾವಾಸ್ಯೆಯ ಆಚೀಚೆ ಹತ್ತು ದಿನ, ಇಲ್ಲದಿದ್ದರೆ ಚಿಂತೆ ಬೇಡ.

ಇನ್ನು 'ಈ ವರ್ಷ ಬಿಟ್ಟರೆ ಹನ್ನೊಂದು ವರ್ಷ ಇಲ್ಲ' ಅನ್ನುವ ಜಾಹೀರಾತು. ಸೂರ್ಯನ ಚಟುವಟಿಕೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಅದೇ ಸೌರಚಕ್ರ. ಈಗಿನ 25ನೇ ಸೌರಚಕ್ರ ಅದರ ಉಚ್ಚ ಘಟ್ಟ ಮುಟ್ಟಿದೆ ಎಂದು ನಾಸಾ ಮತ್ತು ಅಮೆರಿಕದ ಹವಾಮಾನ ಸಂಸ್ಥೆ ನೋವಾ 2024ರ ಅಕ್ಟೋಬರಿನಲ್ಲಿ ಹೇಳಿದವು. ಇಳಿಮುಖದ ವರ್ಷಗಳಲ್ಲಿ ಸೂರ್ಯನ ಹೊರಪದರವಾದ ಕರೋನಾದಲ್ಲಿನ ರಂಧ್ರಗಳಿಂದ ಬೀಸುವ ವೇಗದ ಗಾಳಿ ಸುಮಾರು 27 ದಿನಕ್ಕೊಮ್ಮೆ ತಿರುಗಿ ಬರುತ್ತದೆ. ಪಟ್ಟಿಯ ಕೆಳಗಿನ ಊರುಗಳಿಗೆ ಅದು ಒಳ್ಳೆಯ ಕಾಲವೇ. ಚಕ್ರ ತಗ್ಗಿದಾಗ ಕಡಿಮೆಯಾಗುವುದು ದಕ್ಷಿಣದವರೆಗೆ ಇಳಿದು ಬರುವ ಮಹಾ ಬಿರುಗಾಳಿಗಳು. 2024ರ ಮೇ 10–11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ (ಆಸ್ಟ್ರೋಫಿಸಿಕ್ಸ್) ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳಿಗೆ ಕೆಂಪು ಮಸುಕು ಸಿಕ್ಕಿದ್ದು ಅಂಥ ಬಿರುಗಾಳಿಯಿಂದ. ಅದನ್ನು ನಂಬಿ ಧ್ರುವಪ್ರಭೆಗೆಂದು ಲಡಾಖಿಗೆ ಟಿಕೆಟ್ ಮಾಡಬೇಡಿ.

ಟ್ರೊಮ್ಸೊ: ಓಡಾಡಬಲ್ಲವರಿಗೆ

69.6 ಡಿಗ್ರಿಯಲ್ಲಿದ್ದರೂ ಸಮುದ್ರದ ಬೆಚ್ಚನೆಯ ಪ್ರವಾಹದಿಂದಾಗಿ ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 4ರ ಆಸುಪಾಸು. ಆಸ್ಲೋದಿಂದ ಎರಡು ಗಂಟೆಯ ವಿಮಾನ, ನಿಲ್ದಾಣದಿಂದ ಊರಿಗೆ ಹತ್ತು ಹದಿನೈದು ನಿಮಿಷ. ಇದು ಸರಿಯಾದ ಪಟ್ಟಣ. ಅಂಗಡಿ, ಆಸ್ಪತ್ರೆ, ಬಸ್ಸು ಎಲ್ಲ ಇರುವುದರಿಂದ ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ ಧೈರ್ಯ.

ಆ ಬೆಚ್ಚನೆಯ ಸಮುದ್ರವೇ ಮೋಡವನ್ನೂ ತರುತ್ತದೆ. ಊರೊಳಗೆ ಕೂತು ಕಾದರೆ ಬಹಳ ಸಲ ನಿರಾಸೆಯೇ. ಟ್ರೊಮ್ಸೊ ಗೆಲ್ಲುವುದು ಅಲ್ಲಿನ ಆಕಾಶದಿಂದಲ್ಲ, ರಸ್ತೆಯಿಂದ. ಕರಾವಳಿಯಲ್ಲಿ ಮೋಡ ಇದ್ದಾಗ ಗೈಡ್‌ಗಳು ಬೆಟ್ಟಗಳ ಹಿಂದಿರುವ ಸ್ಕಿಬೊಟ್ನ್ ಕಣಿವೆಗೆ, ಬೇಕಾದರೆ ಗಡಿ ದಾಟಿ ಸುಮಾರು 160 ಕಿ.ಮೀ. ದೂರದ ಕಿಲ್ಪಿಸ್‌ಯಾರ್ವಿಯವರೆಗೂ ಗಾಡಿ ಓಡಿಸುತ್ತಾರೆ. ಸಂಜೆ ಆರಕ್ಕೆ ಹೊರಟು ಬೆಳಗಿನ ಜಾವ ಎರಡು ಮೂರಕ್ಕೆ ವಾಪಸ್. ಬುಕ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಆಕಾಶ ತಿಳಿಯಿಲ್ಲದಿದ್ದರೆ ಫಿನ್‌ಲ್ಯಾಂಡ್ ಗಡಿಯವರೆಗೆ ಹೋಗುತ್ತೀರಾ, ಎಷ್ಟು ಕಿ.ಮೀ. ಮಿತಿ? ಐವತ್ತು ಸೀಟಿನ ಬಸ್ಸು ಅಗ್ಗ. ಆದರೆ ಗೊತ್ತು ಮಾಡಿದ ಜಾಗಕ್ಕೆ ಮಾತ್ರ ಹೋಗಿ ನಿಲ್ಲುವುದು ಅದರ ರೂಢಿ. ಎಂಟರಿಂದ ಹದಿನೈದು ಜನರ ವ್ಯಾನ್ ಸರಿಸುಮಾರು ಎರಡು ಪಟ್ಟು ದುಬಾರಿ, ಆದರೆ ಮೋಡದ ನಕ್ಷೆ ನೋಡಿ ದಾರಿ ಬದಲಿಸುತ್ತದೆ. ಇಲ್ಲಿ ಜಿಪುಣತನ ಮಾಡಿದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮೂರು ಬಸ್ ಪ್ರವಾಸದ ಬದಲು ಎರಡು ವ್ಯಾನ್ ಪ್ರವಾಸ ತೆಗೆದುಕೊಳ್ಳಿ. ಅವನ್ನೂ ಮೋಡದ ಮುನ್ಸೂಚನೆ ನೋಡಿಕೊಂಡು ಎರಡು ದಿನ ಮುಂಚೆ ಹಿಡಿಯುವುದು ಲೇಸು. ಫೆಬ್ರವರಿಯ ವಾರಾಂತ್ಯಗಳಲ್ಲಿ ಮಾತ್ರ ಸೀಟು ಮೊದಲೇ ತುಂಬುತ್ತದೆ.

ಅಬಿಸ್ಕೊ: ಆಕಾಶ ನೋಡಲೆಂದೇ ಹೋಗುವವರಿಗೆ

ಸ್ವೀಡನ್ನಿನ ಈ ಸಣ್ಣ ಹಳ್ಳಿ 68.3 ಡಿಗ್ರಿಯಲ್ಲಿ, 70 ಕಿ.ಮೀ. ಉದ್ದದ ಟೋರ್ನೆಟ್ರೆಸ್ಕ್ ಕೆರೆಯ ದಂಡೆಯಲ್ಲಿದೆ. ಪಶ್ಚಿಮ ಘಟ್ಟದ ಪೂರ್ವಕ್ಕೆ ಚಿತ್ರದುರ್ಗ ಒಣಗಿರುವುದಕ್ಕೆ ಯಾವ ಕಾರಣವೋ ಇಲ್ಲೂ ಅದೇ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡ ನಾರ್ವೆಯ ಬೆಟ್ಟಗಳ ಮೇಲೆ ಸುರಿದು ಮುಗಿಯುತ್ತದೆ. ಬೆಟ್ಟದ ಈಚೆ ಇರುವ ಅಬಿಸ್ಕೊಗೆ ವರ್ಷಕ್ಕೆ ಬೀಳುವುದು 300 ಮಿ.ಮೀ. ಸುಮಾರು ಮಾತ್ರ. ಸುತ್ತ ಎಲ್ಲ ಮುಚ್ಚಿದ್ದಾಗಲೂ ಕೆರೆಯ ಮೇಲೆ ಒಂದು ತೂತು ತೆರೆದಿರುತ್ತದೆ. ಅಲ್ಲಿನವರು ಅದನ್ನು ನೀಲಿ ತೂತು ಎಂದೇ ಕರೆಯುತ್ತಾರೆ. ಯುರೋಪಿನಲ್ಲಿ ಬರೀ ಬೆಳಕಿಗಾಗಿ, ಕಡಿಮೆ ರಾತ್ರಿಗಳಲ್ಲಿ ನೋಡಿಬರಬೇಕು ಅಂದರೆ ನಮ್ಮ ಓಟು ಇದಕ್ಕೇ.

ಕಷ್ಟಗಳೂ ಇವೆ. ಮಲಗಲು ಜಾಗ ಕಡಿಮೆ, ಆರು ತಿಂಗಳ ಮುಂಚೆಯೇ ತುಂಬಿಹೋಗುತ್ತದೆ. ಊಟಕ್ಕೆ ಆಯ್ಕೆ ಬಹಳ ಕಮ್ಮಿ, ಅಡುಗೆಮನೆ ಇರುವ ಹಾಸ್ಟೆಲ್ ಹಿಡಿದರೆ ಸಸ್ಯಾಹಾರಿಗಳು ಬಚಾವ್. ತಲುಪಲು ಕಿರುನಾ ವಿಮಾನ ನಿಲ್ದಾಣದಿಂದ ಸುಮಾರು 100 ಕಿ.ಮೀ. ಬಸ್ಸು, ಇಲ್ಲವೇ ಸ್ಟಾಕ್‌ಹೋಮಿನಿಂದ ರಾತ್ರಿ ರೈಲು. ರೈಲು ಹಿಡಿದರೆ ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯುತ್ತದೆ. ಆದರೆ ಇದು ಕಬ್ಬಿಣದ ಅದಿರು ಸಾಗಿಸುವ ಒಂಟಿ ಹಳಿ. 2023ರ ಡಿಸೆಂಬರಿನಲ್ಲಿ ಅದಿರಿನ ರೈಲು ಹಳಿ ತಪ್ಪಿ ಈ ಮಾರ್ಗ ವಾರಗಟ್ಟಲೆ ಮುಚ್ಚಿತ್ತು. ವಾಪಸ್ ಬರುವ ಅಂತರರಾಷ್ಟ್ರೀಯ ವಿಮಾನಕ್ಕೂ ರೈಲಿಗೂ ನಡುವೆ ಒಂದು ಪೂರ್ತಿ ದಿನ ಬಿಡಿ.

ನುವೊಲ್ಯಾ ಬೆಟ್ಟದ ಮೇಲೆ 900 ಮೀಟರ್ ಎತ್ತರದಲ್ಲಿ ಅರೋರಾ ಸ್ಕೈ ಸ್ಟೇಷನ್ ಇದೆ, ತೆರೆದ ಕುರ್ಚಿಯ ಲಿಫ್ಟಿನಲ್ಲಿ ಸುಮಾರು ಇಪ್ಪತ್ತು ನಿಮಿಷ ಕೂತು ಹೋಗಬೇಕು. ಗಾಳಿ ಜೋರಾದರೆ ಲಿಫ್ಟ್ ನಿಲ್ಲಿಸುತ್ತಾರೆ. ನೋಟ ಚೆನ್ನ, ಆದರೆ ಕೆಳಗೆ ಕೆರೆದಂಡೆಯಲ್ಲಿ ಪುಕ್ಕಟೆ ನಿಂತವರಿಗೂ ಅದೇ ಆಕಾಶ. ದುಡ್ಡು ಮಿಗದಿದ್ದರೆ ಬಿಡಿ.

ಫಿನ್‌ಲ್ಯಾಂಡ್: ಮಕ್ಕಳಿಗೆ ಸರಿ, ಗಾಜಿಗೆ ಮರುಳಾಗಬೇಡಿ

ರೊವನಿಯೆಮಿ ಆರ್ಕ್‌ಟಿಕ್ ವೃತ್ತದ ಪಕ್ಕದಲ್ಲೇ ಇದೆ. ಸಾಂತಾಕ್ಲಾಸ್ ಹಳ್ಳಿ, ಹಿಮಸಾರಂಗದ ಗಾಡಿ, ಹೆಲ್ಸಿಂಕಿಯಿಂದ ರಾತ್ರಿ ರೈಲು ಇರುವುದರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ ಇದಕ್ಕಿಂತ ಖುಷಿಯ ಊರು ಇಲ್ಲ. ಪ್ರಭೆಯ ಲೆಕ್ಕದಲ್ಲಿ ಮಾತ್ರ ಇದು ಪಟ್ಟಿಯ ದಕ್ಷಿಣದ ಅಂಚು. ಶಾಂತ ರಾತ್ರಿಗಳಲ್ಲಿ ಉತ್ತರದ ದಿಗಂತದಲ್ಲಿ ಒಂದು ಮಂಕು ಗೆರೆ ಕಂಡರೆ ಹೆಚ್ಚು. ಅಲ್ಲಿಂದ ಸುಮಾರು 300 ಕಿ.ಮೀ. ಉತ್ತರಕ್ಕಿರುವ ಇವಾಲೊ, ಇನಾರಿ, ಸಾರಿಸೆಲ್ಕಾ ಕಡೆ ಹೋದರೆ ಅದೇ ಗೆರೆ ನಿಮ್ಮ ನೆತ್ತಿಯ ಮೇಲಿರುತ್ತದೆ. ಎರಡು ದಿನ ರೊವನಿಯೆಮಿ ಮಕ್ಕಳಿಗೆ, ಮೂರು ರಾತ್ರಿ ಇನಾರಿ ಕಡೆ ದೊಡ್ಡವರಿಗೆ, ಹೀಗೆ ಹಂಚಿಕೊಂಡರೆ ಯಾರಿಗೂ ಬೇಸರವಿಲ್ಲ.

ಗಾಜಿನ ಇಗ್ಲೂ. ಹಂಗಾಮಿನಲ್ಲಿ ರಾತ್ರಿಗೆ 400 ಯೂರೋ ದಾಟುವುದು ಮಾಮೂಲು. ಒಂದು ರಾತ್ರಿಯ ಆ ದುಡ್ಡಿಗೆ ಅದೇ ಸೀಮೆಯಲ್ಲಿ ಮೂರು ರಾತ್ರಿ ಸಾಧಾರಣ ಕೋಣೆ ಸಿಗುತ್ತದೆ. ಇಗ್ಲೂ ನಿಂತ ಜಾಗದಿಂದ ಅಲ್ಲಾಡುವುದಿಲ್ಲ. ಮೋಡ ಬಂದರೆ ಗಾಜಿನ ಮೂಲಕ ಮೋಡವನ್ನೇ ನೋಡಬೇಕು. ಪಕ್ಕದ ಇಗ್ಲೂವಿನ ದೀಪ, ಕಾಲುದಾರಿಯ ದೀಪ ಗಾಜಿನಲ್ಲಿ ಪ್ರತಿಫಲಿಸುತ್ತವೆ. ಚಳಿಯಲ್ಲಿ ನಿಲ್ಲಲಾಗದ ಹಿರಿಯರು, ಬಸುರಿಯರು, ಕೈಗೂಸು ಇರುವವರಿಗೆ ಅದು ಬೆಲೆ ಬಾಳುವ ಸೌಕರ್ಯ. ಹನಿಮೂನಿಗೆ ಹೋದವರೂ ಒಂದು ರಾತ್ರಿ ಮಾಡಲಿ. ಉಳಿದವರು ಆ ಹಣವನ್ನು ಹೆಚ್ಚುವರಿ ರಾತ್ರಿಗಳಿಗೆ ಹಾಕಿದರೆ ಲಾಭ. ಒಳನಾಡಿನ ಚಳಿ ಮೈನಸ್ 20, ಕೆಲವು ದಿನ ಮೈನಸ್ 30. ಗಾಳಿ ಇಲ್ಲದ ಒಣಚಳಿ ಆದ್ದರಿಂದ ಸರಿಯಾದ ಬಟ್ಟೆಯಿದ್ದರೆ ಕರಾವಳಿಯ ಒದ್ದೆಚಳಿಗಿಂತ ತಾಳಬಹುದು.

ಐಸ್‌ಲ್ಯಾಂಡ್: ಬೆಳಕು ಬೋನಸ್ ಆದರೆ

ಜಲಪಾತ, ಹಿಮನದಿ, ಕಪ್ಪು ಮರಳಿನ ಕಡಲತೀರ, ಬಿಸಿನೀರಿನ ಕೊಳ ನೋಡಲು ಹೋಗಿ, ಪ್ರಭೆ ಕಂಡರೆ ಕಂಡಿತು ಅನ್ನುವವರಿಗೆ ಐಸ್‌ಲ್ಯಾಂಡ್. ಇಡೀ ದ್ವೀಪ ಪಟ್ಟಿಯ ಕೆಳಗೇ ಇದೆ, ಚಳಿಗಾಲದಲ್ಲೂ ರೇಕ್ಯಾವಿಕ್ ಸೊನ್ನೆಯ ಆಸುಪಾಸು. ಹವಾಮಾನ ಮಾತ್ರ ಗಂಟೆಗೊಂದು ಬಣ್ಣ. ಅಲ್ಲಿನ ಹವಾಮಾನ ಇಲಾಖೆಯ ನಕ್ಷೆಯಲ್ಲಿ ಬಿಳಿ ಅಂದರೆ ತಿಳಿ ಆಕಾಶ, ಹಸಿರು ಅಂದರೆ ಮೋಡ. ಹಸಿರು ಕಂಡು ಪ್ರಭೆ ಅಂದುಕೊಂಡು ಮೋಡದೊಳಗೇ ಗಾಡಿ ಓಡಿಸುವವರು ಪ್ರತಿ ವರ್ಷ ಇರುತ್ತಾರೆ. ಕಾಣದಿದ್ದರೆ ಇನ್ನೊಂದು ರಾತ್ರಿ ಪುಕ್ಕಟೆ ಕರೆದೊಯ್ಯುವ ಬಸ್ ಪ್ರವಾಸಗಳು ರೇಕ್ಯಾವಿಕ್‌ನಲ್ಲಿ ಸಾಕಷ್ಟಿವೆ. ಮೊದಲ ರಾತ್ರಿಗೇ ಬುಕ್ ಮಾಡಿದರೆ ಮಾತ್ರ ಆ ಸೌಲಭ್ಯಕ್ಕೆ ಅರ್ಥ.

ಬಾಡಿಗೆ ಕಾರು ಹಿಡಿಯುವವರಿಗೆ ಎರಡು ಮಾತು. ಅಲ್ಲಿನ ಗಾಳಿ ಕಾರಿನ ಬಾಗಿಲನ್ನೇ ಹಿಂದಕ್ಕೆ ಮಡಚಿಬಿಡುತ್ತದೆ, ಆ ನಷ್ಟ ಸಾಮಾನ್ಯ ವಿಮೆಯಲ್ಲಿ ಬರುವುದಿಲ್ಲ. ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಇಳಿಯಿರಿ. ಎರಡನೆಯದು, ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ ಜೇಬಿನಲ್ಲಿದ್ದ ಮಾತ್ರಕ್ಕೆ ಮಂಜುಗಡ್ಡೆಯ ಮೇಲೆ ಓಡಿಸಲು ಬರುವುದಿಲ್ಲ. ಹಿಮದ ಅಭ್ಯಾಸ ಇಲ್ಲದವರು, ಆಕಾಶದ ಮೇಲೆ ಕಣ್ಣಿಟ್ಟು, ನಡುರಾತ್ರಿ ದೀಪವಿಲ್ಲದ ರಸ್ತೆಯಲ್ಲಿ ಓಡಿಸುವುದು ಬೇಡ. ಸೆಪ್ಟೆಂಬರಿನಲ್ಲಿ ಓಡಿಸಿ, ಫೆಬ್ರವರಿಯಲ್ಲಿ ಬಸ್ಸು ಹತ್ತಿ.

ಮುರ್ಮಾನ್ಸ್ಕ್: ಅಗ್ಗದ ಹಿಂದೆ ಏನಿದೆ

ಮಾಸ್ಕೋದಿಂದ ಎರಡೂವರೆ ಗಂಟೆಯ ವಿಮಾನ, 69 ಡಿಗ್ರಿ, ಆರ್ಕ್‌ಟಿಕ್ ವೃತ್ತದ ಉತ್ತರಕ್ಕೆ ಇರುವ ಅತಿ ದೊಡ್ಡ ನಗರ. 2023ರ ಆಗಸ್ಟಿನಿಂದ ಭಾರತೀಯರಿಗೆ ಇ-ವೀಸಾ. ಹೋಟೆಲು, ಊಟ, ಗಾಡಿ ಎಲ್ಲ ನಾರ್ವೆಯ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುವುದರಿಂದ ನಮ್ಮ ಕಡೆಯ ಗುಂಪು ಪ್ಯಾಕೇಜ್‌ಗಳು ಇಲ್ಲಿಗೆ ಹರಿಯುತ್ತಿವೆ. ಆಕಾಶದ ಮಟ್ಟಿಗೆ ಇದು ಟ್ರೊಮ್ಸೊದ ಜಾತಿಯೇ, ಸಮುದ್ರದ ಪಕ್ಕ, ಮೋಡ ಹೆಚ್ಚು. ಟೆರಿಬೆರ್ಕಾ ಹಳ್ಳಿಯ ಕಡೆ ಹೋಗುವ ರಸ್ತೆಯನ್ನು ಹಿಮಗಾಳಿ ಬಂದಾಗ ಮುಚ್ಚುತ್ತಾರೆ, ಹೋದವರು ಅಲ್ಲೇ ಉಳಿಯಬೇಕಾದೀತು. ಭಾರತದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡುಗಳು 2022ರ ಮಾರ್ಚಿನಿಂದ ರಷ್ಯಾದಲ್ಲಿ ನಡೆಯುವುದಿಲ್ಲ, ಪೂರ್ತಿ ಖರ್ಚು ನಗದಿನಲ್ಲಿ ಒಯ್ಯಬೇಕು. ಯುದ್ಧ ಇರುವವರೆಗೆ ವಿಮಾನ ನಿಲ್ದಾಣಗಳು ದಿಢೀರ್ ಮುಚ್ಚುವುದು, ಮೊಬೈಲ್ ಇಂಟರ್ನೆಟ್ ಕಡಿತ ಆಗುವುದು ಇದ್ದದ್ದೇ. ಪ್ರಯಾಣ ವಿಮೆಯ ಸಣ್ಣಕ್ಷರಗಳಲ್ಲಿ ಯುದ್ಧದ ಹೊರತುಪಡಿಕೆ ಏನಿದೆ ಅಂತ ಓದಿ, ಆಮೇಲೆ ತೀರ್ಮಾನಿಸಿ. ಒಂಟಿಯಾಗಿ, ಕೈಯಲ್ಲಿ ಎರಡು ದಿನದ ಹೆಚ್ಚುವರಿ ರಜೆ ಇರುವ ಗಟ್ಟಿಗರಿಗೆ ಸರಿ. ಅಪ್ಪ ಅಮ್ಮನ ಜೊತೆಗಾದರೆ ನಮ್ಮ ಮಟ್ಟಿಗೆ ಬೇಡ.

ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ

ಅಟ್ಲಾಂಟಿಕ್ ದಾಟಬೇಕಾಗಿಯೇ ಇಲ್ಲ. ಯೆಲ್ಲೋನೈಫ್‌ಗೆ ಕ್ಯಾಲ್ಗರಿ, ಎಡ್ಮಂಟನ್‌ನಿಂದ ವಿಮಾನ. ಸಮುದ್ರದಿಂದ ದೂರ, ಸಮತಟ್ಟು ನೆಲ, ಚಳಿಗಾಲದ ಆಕಾಶ ಬಹಳ ತಿಳಿ. ಅಬಿಸ್ಕೊಗೆ ಸರಿಸಾಟಿ ಯಾವುದಾದರೂ ಇದ್ದರೆ ಇದೇ. ಅದಕ್ಕೆ ತೆರುವ ಬೆಲೆ ಚಳಿ. ಜನವರಿಯ ಸರಾಸರಿಯೇ ಮೈನಸ್ 25ರ ಸುಮಾರು, ಮೈನಸ್ 40 ಅಪರೂಪವಲ್ಲ. ದಪ್ಪ ಜಾಕೆಟ್, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಚಳಿ ಬೇಡದವರು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಬಹುದು. ಅಕ್ಟೋಬರ್, ನವೆಂಬರ್ ಮಾತ್ರ ಬಿಡಿ. ಗ್ರೇಟ್ ಸ್ಲೇವ್ ಕೆರೆ ಹೆಪ್ಪುಗಟ್ಟುವ ಮೊದಲು ಅದರ ತೇವವೆಲ್ಲ ಮೋಡವಾಗಿ ಊರಿನ ಮೇಲೆ ಕೂರುತ್ತದೆ.

ಎಚ್‌-1ಬಿ ಮೇಲಿರುವವರಿಗೆ ಅಲಾಸ್ಕದ ಫೇರ್‌ಬ್ಯಾಂಕ್ಸ್‌ನ ದೊಡ್ಡ ಅನುಕೂಲ ಆಕಾಶದ್ದಲ್ಲ, ಕಾಗದಪತ್ರದ್ದು. ದೇಶದೊಳಗಿನ ವಿಮಾನ, ಕೆನಡಾ ವೀಸಾ ಬೇಡ, ಅಮೆರಿಕಕ್ಕೆ ಮರುಪ್ರವೇಶದ ತಲೆನೋವು ಇಲ್ಲ. ಸಿಯಾಟಲ್‌ನಿಂದ ಮೂರೂವರೆ ಗಂಟೆ. ಮಾರ್ಚ್ ಅಲ್ಲಿನ ಒಣ ತಿಂಗಳುಗಳಲ್ಲೊಂದು. ಸುಮಾರು 100 ಕಿ.ಮೀ. ದೂರದ ಚೀನಾ (Chena, ದೇಶದ ಹೆಸರಲ್ಲ) ಎಂಬ ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಆಕಾಶ ನೋಡಬಹುದು. ಆದರೆ ಒದ್ದೆ ಕೂದಲು ನಿಮಿಷಗಳಲ್ಲಿ ಹಿಮವಾಗುತ್ತದೆ. ಬೆಂಗಳೂರಿನಿಂದ ಇಷ್ಟಕ್ಕಾಗಿಯೇ ಅಲಾಸ್ಕಕ್ಕೆ ಹೋಗುವುದು ದೂರದ ಮಾತು. ದೂರ, ದುಡ್ಡು, ವೀಸಾ ಸಂದರ್ಶನದ ಕಾಯುವಿಕೆ ಮೂರೂ ಅಡ್ಡ ನಿಲ್ಲುತ್ತವೆ.

ರಾತ್ರಿ ಹೊರಗೆ ನಿಂತಾಗ

ಎಲ್ಲ ಆ್ಯಪ್‌ಗಳೂ ತೋರಿಸುವ ಕೆಪಿ ಸೂಚ್ಯಂಕ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅನ್ನುವುದನ್ನು 0ಯಿಂದ 9ರವರೆಗೆ ಹೇಳುವ, ಇಡೀ ಭೂಮಿಯ ಮೂರು ಗಂಟೆಯ ಸರಾಸರಿ. ಪಟ್ಟಿಯ ಕೆಳಗಿನ ಊರಿನಲ್ಲಿ ಕೆಪಿ 1 ಅಥವಾ 2 ಸಾಕು. '2 ಇದೆ, ಇವತ್ತು ಏನಿಲ್ಲ' ಅಂತ ಮಲಗಿದವರೇ ಮರುದಿನ ಪಕ್ಕದ ಕೋಣೆಯವರ ಫೋಟೊ ನೋಡಿ ಕೈಕೈ ಹಿಸುಕಿಕೊಳ್ಳುತ್ತಾರೆ. ನೋಡಬೇಕಾದ್ದು ಬಿಝಡ್ ಅನ್ನುವ ಸಂಖ್ಯೆ. ಸೂರ್ಯನ ಕಡೆಯಿಂದ ಬರುವ ಕಾಂತಕ್ಷೇತ್ರ ಉತ್ತರಕ್ಕೆ ತಿರುಗಿದೆಯೋ (ಪ್ಲಸ್) ದಕ್ಷಿಣಕ್ಕೋ (ಮೈನಸ್) ಅನ್ನುವುದನ್ನು ಅದು ಹೇಳುತ್ತದೆ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ಮುಂದೆ, ಎಲ್‌1 ಅನ್ನುವ ಬಿಂದುವಿನಲ್ಲಿರುವ ಉಪಗ್ರಹಗಳು ಅದನ್ನು ಅಳೆಯುತ್ತವೆ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಇದೆ. ಬಿಝಡ್ ಮೈನಸ್‌ಗೆ ಇಳಿದು ಅರ್ಧ ಗಂಟೆ ಅಲ್ಲೇ ನಿಂತರೆ ಬೂಟು ಹಾಕಿಕೊಳ್ಳಿ. ಸೂರ್ಯನಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 400 ಕಿ.ಮೀ. ಇದ್ದರೆ ನಿಮಗೆ ಒಂದು ಗಂಟೆ ಸಮಯ, 800 ಇದ್ದರೆ ಅರ್ಧ ಗಂಟೆ.

ಲಾಪ್‌ಲ್ಯಾಂಡ್ (ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡಿನ ಉತ್ತರ ಭಾಗ) ಕಡೆ ರಾತ್ರಿ ಒಂಬತ್ತರಿಂದ ಒಂದು ಗಂಟೆ ಮುಖ್ಯ ಹೊತ್ತು. ಮೊದಲು ಉತ್ತರದಲ್ಲಿ ಬೂದು ಬಣ್ಣದ ಕಮಾನು ಎದ್ದು ಗಂಟೆಗಟ್ಟಲೆ ಸುಮ್ಮನಿರುತ್ತದೆ. ಇಷ್ಟೇನಾ ಅನ್ನಿಸುತ್ತದೆ. ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ಹಿಡಿಯುವುದಿಲ್ಲ, ಮೋಡವೋ ಪ್ರಭೆಯೋ ಗೊತ್ತಾಗದಿದ್ದರೆ ಫೋನಿನಲ್ಲಿ ಮೂರು ಸೆಕೆಂಡ್ ಫೋಟೊ ತೆಗೆಯಿರಿ, ಹಸಿರು ಬಂದರೆ ಪ್ರಭೆ. ಆಮೇಲೆ ಕಮಾನು ಇದ್ದಕ್ಕಿದ್ದಂತೆ ಹೊಳೆದು, ಸೀಳಿ, ನೆತ್ತಿಯ ಮೇಲೆ ಪರದೆಯಂತೆ ಓಡಾಡತೊಡಗುತ್ತದೆ. ಈ ಆರ್ಭಟ ಹತ್ತಿಪ್ಪತ್ತು ನಿಮಿಷದ್ದು. ಅದು ಮುಗಿದು ಎರಡು ಮೂರು ಗಂಟೆಯಾದ ಮೇಲೆ ಇನ್ನೊಂದು ಬರಬಹುದು. ಮೊದಲ ಆಟ ಮುಗಿಯುತ್ತಲೇ ಕೋಣೆಗೆ ಓಡಬೇಡಿ.

ನಿಲ್ಲಲು ಬಿಡದೆ ಒಳಗೆ ಓಡಿಸುವುದು ಹೆಚ್ಚಾಗಿ ಕಾಲಿನ ಚಳಿ. ಒಳಗೆ ಹತ್ತಿ ಬನಿಯನ್ ಹಾಕಿದರೆ ಬೆವರು ಹೀರಿಕೊಂಡು ಮೈಗೆ ಅಂಟಿ ತಣ್ಣಗಾಗುತ್ತದೆ. ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಹಾಕಿ. ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿಯಾದ ಬೂಟಿನೊಳಗೆ ಮೂರು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಇನ್ನಷ್ಟು ಚಳಿ. ಕ್ಯಾಮೆರಾಗೆ ಎಫ್ 2.8, ಐಎಸ್‌ಒ 1600ರಿಂದ 3200, ಐದರಿಂದ ಹದಿನೈದು ಸೆಕೆಂಡ್, ಫೋಕಸ್ ಕೈಯಾರೆ ಒಂದು ನಕ್ಷತ್ರದ ಮೇಲೆ. ಬ್ಯಾಟರಿ ಒಳಜೇಬಿನಲ್ಲಿ, ಮೈಯ ಬಿಸಿಗೆ ತಾಗಿಕೊಂಡಿರಲಿ. ವಾಪಸ್ ಕೋಣೆಗೆ ಬರುವ ಮೊದಲು ಹೊರಗೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ. ಇಲ್ಲದಿದ್ದರೆ ಒಳಗಿನ ತೇವ ಲೆನ್ಸಿನ ಮೇಲೆ ನೀರಾಗಿ ಕೂರುತ್ತದೆ. ಎರಡು ಗಂಟೆ ಚೀಲ ಬಿಚ್ಚಬೇಡಿ.

ಬುಕಿಂಗ್ ಯಾವ ಕ್ರಮದಲ್ಲಿ

ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ನಾಲ್ಕಕ್ಕೂ ಷೆಂಗೆನ್ ವೀಸಾ ಒಂದೇ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು, ರಾತ್ರಿಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಟ್ರೊಮ್ಸೊದಲ್ಲಿ ಮೂರು, ಅಬಿಸ್ಕೊದಲ್ಲಿ ಎರಡು ರಾತ್ರಿಯಾದರೆ ನಾರ್ವೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕೊನೆಯ ಹದಿನೈದು ದಿನಕ್ಕೆ ಇಟ್ಟುಕೊಂಡರೆ ಕೆಲಸ ಕೆಟ್ಟಂತೆ.

ಮೊದಲು ರದ್ದು ಮಾಡಬಹುದಾದ ಕೋಣೆ, ಆಮೇಲೆ ವೀಸಾ, ಆಮೇಲೆ ವಿಮಾನ, ಕೊನೆಗೆ ರಾತ್ರಿ ಪ್ರವಾಸ. ಚೀಲಕ್ಕೆ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಹಾಕಿಕೊಳ್ಳಿ. ಪನೀರ್, ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಅಲ್ಲಿನ ಕಸ್ಟಮ್ಸ್ ಒಪ್ಪುವುದಿಲ್ಲ. ಪ್ರವಾಸದ ಮೊದಲ ರಾತ್ರಿಯನ್ನೇ ಆಕಾಶಕ್ಕೆ ಮೀಸಲಿಡಿ, ಕೊನೆಯ ರಾತ್ರಿಗೆ ಅಂತ ಉಳಿಸಿಕೊಂಡವರಿಗೆ ಮೋಡ ಕವಿದರೆ ಮರುಪ್ರಯತ್ನಕ್ಕೆ ರಾತ್ರಿಯೇ ಉಳಿದಿರುವುದಿಲ್ಲ.